ವೈರಿಲ್ಲದ ಬೆಸುಗೆ

ನಮ್ಮ ಮನೆಗೆ ಮೂರು ಕಿಟಕಿ. ಅಡುಗೆಮನೆಯದು ಪಕ್ಕದ ಮನೆಯ ಗೋಡೆಯನ್ನು ನೋಡುತ್ತಿತ್ತು. ಹಿಂದಿನ ಕೋಣೆಯದು ಮೆಟ್ಟಿಲ ಕೆಳಗಿನ ಕತ್ತಲನ್ನು ನೋಡುತ್ತಿತ್ತು. ಮುಂದಿನ ಕೋಣೆಯ ಮೂರನೆಯದು ಮಾತ್ರ ರಸ್ತೆಯನ್ನು ನೋಡುತ್ತಿತ್ತು. ಮನೆಗೆ ಬರುವ ಬೆಳಕೆಲ್ಲ ಅದರಿಂದಲೇ ಬರಬೇಕಿತ್ತು. ಆ ಕಿಟಕಿಯ ಕೆಳಗೆ ಅಮ್ಮನ ಮೇಜು.

ಮೇಜೆಂದರೆ ದೊಡ್ಡದೇನಲ್ಲ. ಯಾವುದೋ ಶಾಲೆ ಹರಾಜಿಗಿಟ್ಟಿದ್ದ ಡೆಸ್ಕು, ಅಪ್ಪ ಕಾಲು ಕತ್ತರಿಸಿ ಗಿಡ್ಡ ಮಾಡಿದ್ದು. ಅದರ ಮೇಲೆ ಅಮ್ಮನ ಸೋಲ್ಡರಿಂಗ್ ಐರನ್. ನಾವೆಲ್ಲ ಅದನ್ನು ಕಡ್ಡಿ ಅನ್ನುತ್ತಿದ್ದೆವು. ಪಕ್ಕದಲ್ಲಿ ಬೆಸುಗೆ ತಂತಿಯ ಸುರುಳಿ, ಪೇಸ್ಟಿನ ಡಬ್ಬಿ, ತುದಿ ಒರೆಸುವ ಒದ್ದೆ ಸ್ಪಂಜು. ಕಡ್ಡಿಯ ವೈರು ಬಹಳ ಗಿಡ್ಡ. ಗೋಡೆಯ ಪ್ಲಗ್ಗಿನಿಂದ ಮೇಜಿನ ಅಂಚಿನವರೆಗೆ ಬರುತ್ತಿತ್ತು, ಅಷ್ಟೇ. ಹಾಗಾಗಿ ಕೆಟ್ಟ ವಸ್ತು ಯಾರದೇ ಆಗಿರಲಿ, ಅದೇ ಅಮ್ಮನ ಬಳಿ ಬಂದು ಸರದಿಯಲ್ಲಿ ಕಾಯಬೇಕಿತ್ತು. ಅಮ್ಮ ಮೇಜು ಬಿಟ್ಟು ಎದ್ದಳೆಂದರೆ ಅವತ್ತಿನ ರಿಪೇರಿ ಮುಗಿಯಿತು.

ಅಮ್ಮ ಮೊದಲು ರೇಡಿಯೋ ಕಾರ್ಖಾನೆಯಲ್ಲಿದ್ದಳು. ಕಾರ್ಖಾನೆ ಮುಚ್ಚಿದ ಮೇಲೆ ಆಸ್ಪತ್ರೆಯ ಬಟ್ಟೆ ಒಗೆಯುವ ಮನೆಗೆ ಸೇರಿ, ಎರಡು ವರ್ಷ ಕೈಯ ಚರ್ಮ ಸುಲಿಸಿಕೊಂಡಳು. ಆಮೇಲೆ ಒಂದು ಭಾಷಾ ಶಾಲೆಯ ಕೆಲಸ ಸಿಕ್ಕಿತು. ಪರದೇಶದ ಭಾಷೆ ಕಲಿಯಲು ಬರುವವರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಪಾಠ ಕೇಳುತ್ತಾರೆ, ಏಳುವಾಗ ಮರೆತು ಎಳೆಯುತ್ತಾರೆ, ಪಿನ್ನಿನ ಹತ್ತಿರ ವೈರು ಕಿತ್ತು ಬರುತ್ತದೆ. ಹಾಗೆ ಕಿತ್ತವೆಲ್ಲ ವಾರಕ್ಕೊಮ್ಮೆ ಒಂದು ಚೀಲದಲ್ಲಿ ನಮ್ಮ ಮನೆಗೆ ಬರುತ್ತಿದ್ದವು. ಆ ಚೀಲ ಇರುವವರೆಗೆ ಅಮ್ಮ ಬಟ್ಟೆ ಒಗೆಯಲು ಹೋಗಬೇಕಾಗಿರಲಿಲ್ಲ.

ಸರಿ ಮಾಡಿದ ಹೆಡ್‌ಫೋನನ್ನು ಪರೀಕ್ಷೆ ಮಾಡುವವಳು ಅಜ್ಜಿ. ಮೇಜಿನ ಪಕ್ಕ ಅವಳ ಕುರ್ಚಿ. ಅಮ್ಮನ ಹಳೆಯ ಫೋನಿನಲ್ಲಿ ಶಾಲೆಯವರು ಕೊಟ್ಟ ಒಂದು ಪಾಠವಿತ್ತು: ಗಂಟೆ ಹೊಡೆಯುತ್ತದೆ, ರೈಲು ಬರುತ್ತದೆ, ನಡುವೆ ಒಬ್ಬ ಗಂಡಸು, ಒಬ್ಬ ಹೆಂಗಸು ಏನೋ ಮಾತಾಡುತ್ತಾರೆ. ಆ ಭಾಷೆ ಅಜ್ಜಿಗೆ ಒಂದಕ್ಷರ ಬಾರದು. ಅದಕ್ಕಾಗಿಯೇ ಅವಳಿಗೆ ಅದರಿಂದ ದಿನಕ್ಕೊಂದು ಕಥೆ ಹುಟ್ಟುತ್ತಿತ್ತು.

"ಇವತ್ತು ಅವಳು ಸಿಟ್ಟಾಗಿದಾಳೆ ಕಣೇ. ಅವನು ಹೋಗಿ ಎರಡು ವರ್ಷ ಕಾಗದ ಹಾಕಿಲ್ಲ."

"ನಿನ್ನೆ ಅವರಿಬ್ರೂ ಅಣ್ಣ ತಂಗಿ ಅಂದ್ರಲ್ಲ ಅತ್ತೆ?"

"ನಿನ್ನೆ ಬೇರೆ ಹೆಡ್‌ಫೋನು."

ಒಂದು ದಿನ ಚಿಕ್ಕಪ್ಪ ಬಂದ. ಅವನು ಲೆಕ್ಕದ ಮೇಷ್ಟ್ರು. ಟ್ಯೂಷನ್ ಕೇಂದ್ರದವರು ಅವನನ್ನು ಬಿಡಿಸಿದ್ದರು. ಎರಡು ವಾರ ಇರ್ತೀನಿ ಎಂದು ಬಂದವನು ಎರಡು ತಿಂಗಳಾದರೂ ಇದ್ದ. ಒಳ್ಳೆಯವನು, ನಗಿಸುವವನು, ಪಾತ್ರೆ ತೊಳೆಯಲು ಹೇಳಿದರೆ ಪಾತ್ರೆಯ ಮೇಲೆ ನಾಲ್ಕು ಜೋಕು ಹೇಳಿ ಎದ್ದು ಹೋಗುವವನು. ಫೋನಿನಲ್ಲೇ ಮಕ್ಕಳಿಗೆ ಪಾಠ ಶುರು ಮಾಡುತ್ತೇನೆ ಎಂದ. ಅದಕ್ಕೆ ಬೆಳಕು ಬೇಕು.

"ಮುಖ ಕತ್ತಲಾಗಿದ್ರೆ ಮಕ್ಕಳು ಲೆಕ್ಕಾನೇ ನಂಬಲ್ಲ ಅಣ್ಣ," ಎಂದು ಊಟದ ಹೊತ್ತಿಗೆ ಅಪ್ಪನಿಗೆ ಹೇಳಿದ.

ಅಪ್ಪ ಬಸ್ಸು ಓಡಿಸುತ್ತಿದ್ದ. ಊಟಕ್ಕೆ ಕೂತಾಗಲೂ ಅವನ ಬಲಗಾಲು ಬ್ರೇಕಿನ ಮೇಲಿದ್ದಂತೆ ಚಾಚಿಕೊಂಡೇ ಇರುತ್ತಿತ್ತು. ಅವನು ತಟ್ಟೆಯಿಂದ ತಲೆ ಎತ್ತದೆ, "ಕಿಟಕಿ ಹತ್ರ ಕೂತ್ಕೋ," ಎಂದ.

"ಅಲ್ಲಿ ನನ್ನ ಮೇಜಿದೆ," ಎಂದಳು ಅಮ್ಮ.

"ಅದಕ್ಕೂ ದಾರಿ ಮಾಡಿದೀನಿ ಅತ್ತಿಗೆ!" ಚಿಕ್ಕಪ್ಪ ಎದ್ದು ಹೋಗಿ ಒಂದು ಉದ್ದನೆಯ ಪೆಟ್ಟಿಗೆ ತಂದ. ಒಳಗೆ ದಪ್ಪ ಪೆನ್ನಿನಂಥದ್ದು. "ಬ್ಯಾಟರಿ ಸೋಲ್ಡರಿಂಗ್ ಐರನ್. ಫೋನ್ ಚಾರ್ಜರಿಗೇ ಹಾಕೋದು. ಗುಂಡಿ ಒತ್ತಿದ್ರೆ ಹತ್ತು ಸೆಕೆಂಡಿಗೆ ಕಾಯುತ್ತೆ. ವೈರೇ ಇಲ್ಲ. ಇನ್ಮೇಲೆ ನೀವು ಸ್ವತಂತ್ರರು!"

ಅಮ್ಮ ಅದನ್ನು ತಿರುಗಿಸಿ ನೋಡಿದಳು. ಗುಂಡಿ ಒತ್ತಿದಳು. ತುದಿಯ ಹಿಂದೆ ಸಾಸಿವೆಯಷ್ಟು ಬಿಳಿ ದೀಪ ಹತ್ತಿತು. ಬೆಸುಗೆ ತಂತಿ ಮುಟ್ಟಿಸಿದರೆ ಹನಿಯಾಗಿ ಕರಗಿತು, ಎಳೆ ಹೊಗೆ ಎದ್ದಿತು. ಅವಳ ಮುಖದಲ್ಲೂ ಒಂದು ಕ್ಷಣ ಖುಷಿ ಕಂಡದ್ದು ಸುಳ್ಳಲ್ಲ.

"ಚೆನ್ನಾಗಿದೆ," ಎಂದಳು.

ಆ ಒಂದು ಮಾತು ಸಾಕಾಯಿತು. ಮರುದಿನವೇ ಡೆಸ್ಕು ಚಿಕ್ಕಪ್ಪನದಾಯಿತು. ಹಳೆಯ ಕಡ್ಡಿ ಅಟ್ಟ ಸೇರಿತು. ಅಜ್ಜಿಯ ಕುರ್ಚಿ ಪಾಠದ ನಡುವೆ ಕಾಣಬಾರದೆಂದು ಹಿಂದಿನ ಕೋಣೆಗೆ ಹೋಯಿತು, ಕುರ್ಚಿಯ ಜೊತೆ ಅಜ್ಜಿಯೂ ಹೋದಳು. ಹೆಡ್‌ಫೋನಿನ ಚೀಲ ಅಡುಗೆಮನೆಯ ಅಕ್ಕಿ ಡಬ್ಬದ ಮೇಲೆ ಬಂದು ಕೂತಿತು.

ಮೊದಲ ವಾರದಲ್ಲೇ ಸ್ವಾತಂತ್ರ್ಯ ಏನೆಂದು ಗೊತ್ತಾಯಿತು. ಅಮ್ಮ ಒಲೆಯ ಮುಂದೆ ನಿಂತು ಬೇಳೆ ತಿರುವುತ್ತಿದ್ದರೆ ಅಪ್ಪ ಕ್ಷೌರದ ಮಷೀನು ಹಿಡಿದು ಬರುತ್ತಿದ್ದ. "ಇದರದ್ದೊಂದು ವೈರು ಬಿಟ್ಟಿದೆ. ಹೇಗೂ ಕಡ್ಡಿ ಕೈಯಲ್ಲೇ ಇದೆಯಲ್ಲ."

"ಕೈಯಲ್ಲಿ ಸೌಟಿದೆ."

"ಇನ್ನೊಂದು ಕೈಯಲ್ಲಿ?"

ಎದುರುಮನೆಯ ದರ್ಜಿ ಹೆಂಗಸು ಮಗುವಿನ ಗೊಂಬೆ ತಂದಳು. ಚಿಕ್ಕಪ್ಪ ತನ್ನ ಮೈಕಿನ ವೈರು ತಂದ. ನಾನೂ ಕಮ್ಮಿಯಿಲ್ಲ, ಸ್ನಾನಕ್ಕೆ ಹೊರಟವಳನ್ನು ಬಾಗಿಲಲ್ಲಿ ನಿಲ್ಲಿಸಿ ನನ್ನ ಇಯರ್‌ಫೋನು ಕೊಟ್ಟೆ. ಅಮ್ಮ ಟವೆಲನ್ನು ಹೆಗಲ ಮೇಲೆ ಹಾಕಿಕೊಂಡು, ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಅದನ್ನು ಬೆಸೆದು ಕೊಟ್ಟು ಒಳಗೆ ಹೋದಳು. ಹಿಂದೆ ಕೆಟ್ಟ ಸಾಮಾನುಗಳು ಅಮ್ಮನಿಗಾಗಿ ಕಾಯುತ್ತಿದ್ದವು. ಈಗ ಅವು ಅಮ್ಮನನ್ನು ಹುಡುಕಿಕೊಂಡು ಮನೆಯೆಲ್ಲ ಓಡಾಡುತ್ತಿದ್ದವು.

ಚಾರ್ಜರ್ ಮನೆಗೊಂದೇ. ಅಮ್ಮ ಕಡ್ಡಿಯನ್ನು ಚಾರ್ಜಿಗೆ ಹಾಕಿ ಅನ್ನಕ್ಕಿಡಲು ಹೋದರೆ, ಬರುವಷ್ಟರಲ್ಲಿ ಚಿಕ್ಕಪ್ಪನ ಫೋನು ಅಲ್ಲಿ ಕೂತಿರುತ್ತಿತ್ತು.

"ನಲವತ್ತು ಮಕ್ಕಳು ಕಾಯ್ತಿದಾರೆ ಅತ್ತಿಗೆ."

"ನನ್ನ ಚೀಲದಲ್ಲೂ ನಲವತ್ತೆರಡು ಕಾಯ್ತಿವೆ."

"ಹೆಡ್‌ಫೋನುಗಳು ಬೈಯಲ್ವಲ್ಲ!"

ಅವನು ನಕ್ಕ. ಅಮ್ಮನಿಗೆ ನಗಲು ಪುರಸೊತ್ತಿರಲಿಲ್ಲ. ಕಡ್ಡಿಯಲ್ಲಿ ಶಕ್ತಿ ಇದ್ದಷ್ಟು ಹೊತ್ತು, ಅದು ಬೆಳಗ್ಗೆಯೋ ಮಧ್ಯಾಹ್ನವೋ, ಕೆಲಸ ಮುಗಿಸಬೇಕು. ಕೆಂಪು ದೀಪ ಮಿನುಗಿದರೆ ತುದಿ ತಣ್ಣಗಾಗಿ ಬೆಸುಗೆ ಅಂಟಿನ ಹಾಗೆ ಎಳೆಯುತ್ತಿತ್ತು.

ಎರಡನೆಯ ವಾರ ಅಪ್ಪನ ಬುತ್ತಿಯ ಮುಚ್ಚಳಕ್ಕೆ ತೂತಾಯಿತು. ಅಡುಗೆಮನೆಯಲ್ಲಿ ಕಡ್ಡಿ ಇಡುವ ಸ್ಟ್ಯಾಂಡಿಗೆ ಜಾಗವಿರಲಿಲ್ಲ. ಉಕ್ಕುವ ಹಾಲನ್ನು ಇಳಿಸುವ ಗಡಿಬಿಡಿಯಲ್ಲಿ ಅಮ್ಮ ಕಡ್ಡಿಯನ್ನು ಕೈಗೆ ಸಿಕ್ಕಿದ್ದರ ಮೇಲಿಟ್ಟಳು. ಅದು ಪ್ಲಾಸ್ಟಿಕ್ ಮುಚ್ಚಳ.

ಸಂಜೆ ಅಪ್ಪ ಬುತ್ತಿಯನ್ನು ಮೇಲೆತ್ತಿ ತೂತಿನೊಳಗಿಂದ ಅಮ್ಮನನ್ನು ನೋಡಿದ. "ಡಿಪೋದಲ್ಲಿ ಎಲ್ರೂ ಕೇಳಿದ್ರು, ನಿನ್ನ ಊಟಕ್ಕೂ ಕಿಟಕಿ ಇಟ್ಟಿದೀಯಾ ಅಂತ."

"ನಿಮ್ಮ ಊಟಕ್ಕಾದ್ರೂ ಇದೆ," ಎಂದಳು ಅಮ್ಮ.

ಅಪ್ಪನಿಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ದನಿ ಏರಿತು. "ಅವನೇನು ಮೋಜಿಗೆ ಕೂತಿದಾನಾ? ಕೆಲಸ ಕಳ್ಕೊಂಡಿರೋನು. ನಾಲ್ಕು ದಿನ ಅನುಸರಿಸ್ಕೊಂಡು ಹೋಗೋಕಾಗಲ್ವಾ?"

"ಅನುಸರಿಸ್ಕೊಂಡೇ ಇದೀನಲ್ಲ. ಒಲೆ ಮುಂದೆ, ಬಚ್ಚಲ ಮುಂದೆ, ಎಲ್ಲಾ ಕಡೆ."

ಹಿಂದಿನ ಕೋಣೆಯಿಂದ ಅಜ್ಜಿ ಕೂಗಿದಳು: "ಅನ್ನ ಯಾಕೆ ಇಷ್ಟು ಗಟ್ಟಿ?"

ಆ ದಿನಗಳಲ್ಲಿ ಅಜ್ಜಿಗೆ ಎಲ್ಲವೂ ತಪ್ಪಾಗಿ ಕಾಣುತ್ತಿತ್ತು. ಅನ್ನ ಗಟ್ಟಿ, ಚಹಾ ನೀರು, ಹಾಸಿಗೆ ಒದ್ದೆ, ನನ್ನ ಜಡೆ ಸೊಟ್ಟ. ಕಥೆ ಹೇಳು ಅಂದರೆ, "ಯಾವ ಕಥೆ? ಎಲ್ಲಾ ಮರೆತುಹೋಗಿದೆ," ಅನ್ನುತ್ತಿದ್ದಳು. ವಯಸ್ಸಾಯಿತು ಎಂದು ಅಪ್ಪ ಅಂದುಕೊಂಡ. ನಾನೂ ಹಾಗೇ ಅಂದುಕೊಂಡೆ.

ಅಜ್ಜಿಯ ಮಂಡಿ ಮಡಚುತ್ತಿರಲಿಲ್ಲ. ಅಡುಗೆಮನೆಯಲ್ಲಿ ಅವಳ ಕುರ್ಚಿ ಹಿಡಿಸುತ್ತಿರಲಿಲ್ಲ. ಹಾಗಾಗಿ ಹೆಡ್‌ಫೋನು ಕೇಳಿ ನೋಡುವವರು ಇರಲಿಲ್ಲ. ಅಮ್ಮ ತನ್ನ ಕಾರ್ಖಾನೆಯ ಹಳೆಯ ಅಭ್ಯಾಸಕ್ಕೆ ಹೋದಳು: ಹೆಡ್‌ಫೋನನ್ನು ಕುತ್ತಿಗೆಗೆ ಹಾಕಿಕೊಂಡು, ಟಾರ್ಚಿನ ಸೆಲ್ಲನ್ನು ಪಿನ್ನಿಗೆ ಮುಟ್ಟಿಸುವುದು. ಎರಡೂ ಕಡೆ 'ಕಟ್' ಎಂದು ಸದ್ದಾದರೆ ಸರಿ, ಮುಂದಿನದು. ಕಾರ್ಖಾನೆಯಲ್ಲಿ ಅವರು ಹಾಗೆಯೇ ದಿನಕ್ಕೆ ಮುನ್ನೂರು ನೋಡುತ್ತಿದ್ದರಂತೆ. ನಲವತ್ತೆರಡನ್ನೂ ಹಾಗೆ ಮುಗಿಸಿ, ಚೀಲ ಕಟ್ಟಿ, ಶಾಲೆಗೆ ಕೊಟ್ಟು ಬಂದಳು. ಅವತ್ತು ಊಟದ ಮೊದಲೇ ಗೋಡೆಗೊರಗಿ ನಿದ್ದೆ ಹೋದಳು. ಅನ್ನ ಸೀದಿತು.

ಮೂರನೆಯ ವಾರದ ಸೋಮವಾರ ಮಧ್ಯಾಹ್ನ, ಶಾಲೆಯಿಂದ ಫೋನು ಬಂತೆಂದು ಹೋಗಿದ್ದ ಅಮ್ಮ ಅದೇ ಚೀಲವನ್ನು ಹೊತ್ತು ವಾಪಸು ಬಂದಳು. ಹಿಂದಿನ ಕೋಣೆಗೆ ಹೋಗಿ ಅಜ್ಜಿಯ ಕಾಲ ಬಳಿ ಅದನ್ನು ಇಳಿಸಿದಳು.

"ಅತ್ತೆ, ಇದನ್ನೊಂದು ಕೇಳಿ ನೋಡಿ."

ಅಜ್ಜಿ ಹೆಡ್‌ಫೋನು ಹಾಕಿಕೊಂಡಳು. ಕಣ್ಣು ಮುಚ್ಚಿದಳು. ಒಂದು ಕಡೆಯದನ್ನು ಎತ್ತಿ, ಇನ್ನೊಂದನ್ನು ಒತ್ತಿಕೊಂಡಳು. ಹುಬ್ಬು ಗಂಟಾಯಿತು.

"ಈ ಎಡಗಿವೀಲಿ ಗಂಟೆ ಹೊಡೀತು. ರೈಲೂ ಬಂತು. ಜನರೇ ಇಲ್ವಲ್ಲೇ!"

"ಮೇಡಮ್ಮೂ ಅದನ್ನೇ ಅಂದ್ರು. ಸದ್ದು ಕೇಳುತ್ತೆ, ಮಾತು ಕೇಳಲ್ಲ."

ಅಮ್ಮ ಒಂದು ಪಿನ್ನಿನ ಹೊದಿಕೆ ಬಿಚ್ಚಿದಳು. ಹಿಂದಿನ ಕೋಣೆಯ ಬೆಳಕಲ್ಲಿ ಏನೂ ಕಾಣಲಿಲ್ಲ. ಸೀದಾ ಮುಂದಿನ ಕೋಣೆಗೆ ನಡೆದಳು. ಚಿಕ್ಕಪ್ಪ ಪಾಠದಲ್ಲಿದ್ದ. ಅವನ ಮುಖಕ್ಕೂ ಫೋನಿಗೂ ನಡುವೆ ಕೈ ತೂರಿಸಿ, ಪಿನ್ನನ್ನು ಕಿಟಕಿಗೆ ಹಿಡಿದು ನೋಡಿದಳು.

"ಅತ್ತಿಗೆ! ಕ್ಲಾಸು ನಡೀತಿದೆ!"

"ನಡೀಲಿ."

ಹೆಡ್‌ಫೋನಿನ ವೈರಿನೊಳಗೆ ಕೂದಲಿಗಿಂತ ಸ್ವಲ್ಪ ದಪ್ಪದ ಮೂರು ಎಳೆಗಳಿರುತ್ತವೆ. ಒಂದು ಹಸಿರು, ಒಂದು ಕೆಂಪು, ಒಂದು ತಾಮ್ರದ ಬಣ್ಣ. ಕಿಟಕಿಯ ಬೆಳಕಿನಲ್ಲಿ ಕೆಂಪು ಕೆಂಪಾಗಿಯೇ ಕಂಡಿತು. ಅಡುಗೆಮನೆಯ ಹಳದಿ ಬಲ್ಬಿನ ಕೆಳಗೆ ಕೆಂಪಿಗೂ ತಾಮ್ರಕ್ಕೂ ವ್ಯತ್ಯಾಸವೇ ಕಂಡಿರಲಿಲ್ಲ. ತಾಮ್ರ ಇರಬೇಕಾದಲ್ಲಿ ಕೆಂಪು, ಕೆಂಪು ಇರಬೇಕಾದಲ್ಲಿ ತಾಮ್ರ. ಸೆಲ್ಲು ಮುಟ್ಟಿಸಿದರೆ ಆಗಲೂ ಎರಡೂ ಕಡೆ 'ಕಟ್' ಅನ್ನುತ್ತದೆ. ಎರಡೂ ಕಡೆ ಒಂದೇ ಸಮ ಬರುವ ಮಾತು ಮಾತ್ರ ಒಂದು ಕಿವಿಯಲ್ಲಿ ಒಂದನ್ನೊಂದು ಅಳಿಸಿಕೊಳ್ಳುತ್ತದೆ.

"ಹದಿನೈದು ವರ್ಷದಲ್ಲಿ ಒಂದು ಸಲವೂ ಬಣ್ಣ ತಪ್ಪಿರಲಿಲ್ಲ," ಎಂದಳು ಅಮ್ಮ, ಯಾರಿಗೂ ಅಲ್ಲ ಎಂಬಂತೆ. ಚಿಕ್ಕಪ್ಪನ ನಲವತ್ತು ಮಕ್ಕಳು ಅದನ್ನು ಕೇಳಿಸಿಕೊಂಡರು.

ಊಟದ ಹೊತ್ತಿಗೆ ಎಲ್ಲರಿಗೂ ವಿಷಯ ಗೊತ್ತಾಗಿತ್ತು. ಮುಂದಿನ ಸೋಮವಾರ ಶಾಲೆಯಲ್ಲಿ ಪರೀಕ್ಷೆ. ಅಷ್ಟರೊಳಗೆ ನಲವತ್ತೆರಡೂ ಸರಿಯಾಗಿ ಬಾರದಿದ್ದರೆ ಚೀಲ ಪೇಟೆಯ ಅಂಗಡಿಗೆ ಹೋಗುತ್ತದೆ. ಮುಂದಿನ ಚೀಲಗಳೂ ಅಲ್ಲಿಗೇ.

"ಹೋದ್ರೆ?" ಎಂದು ನಾನು ಕೇಳಿದೆ.

"ಹೋದ್ರೆ ಆಸ್ಪತ್ರೆ ಬಟ್ಟೆ," ಎಂದಳು ಅಮ್ಮ, ಆಲೂಗಡ್ಡೆ ಬಡಿಸುತ್ತ.

ಚಿಕ್ಕಪ್ಪ ತಟ್ಟೆಯಲ್ಲಿ ಬೆರಳಾಡಿಸಿದ. ಜೋಕು ಹೊಳೆಯಲಿಲ್ಲ. "ಅತ್ತಿಗೆ, ಭಾನುವಾರ ನಂದು ಕ್ಲಾಸಿಲ್ಲ. ಅವತ್ತು ಕಿಟಕಿ ನಿಮಗೇ."

"ಒಂದು ದಿನದಲ್ಲಿ ನಲವತ್ತೆರಡು ಪಿನ್ನು ಬಿಚ್ಚಿ, ಮತ್ತೆ ಬೆಸೀಬೇಕಾ?"

"ಅಯ್ಯೋ, ಅದಕ್ಯಾಕಿಷ್ಟು ರಾಮಾಯಣ?" ಅಪ್ಪನಿಗೆ ಅವತ್ತು ಎರಡು ಪಾಳಿಯ ಆಯಾಸ. "ವೈರಿಲ್ದಿರೋ ಕಡ್ಡಿ ತಾನೆ? ಎಲ್ಲಿ ಬೇಕಾದ್ರೂ ಕೂತ್ಕೊಂಡು ಮಾಡ್ಬಹುದು. ಜಾಗ ಜಾಗ ಅಂತ ಯಾಕೆ ಸಾಯ್ತೀಯಾ?"

ಅಮ್ಮ ಸೌಟನ್ನು ಪಾತ್ರೆಯೊಳಗೆ ಬಿಟ್ಟಳು. ಅಪ್ಪನನ್ನು ಒಂದು ಗಳಿಗೆ ನೋಡಿದಳು. ಆಮೇಲೆ ತನ್ನ ತಟ್ಟೆಗೂ ಬಡಿಸಿಕೊಂಡು, ಪೂರ್ತಿ ಊಟ ಮಾಡಿದಳು.

ಮರುದಿನ ಬೆಳಗ್ಗೆ ಎಂಟೂವರೆಗೆ ಅಮ್ಮ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಒಂದು ಹೆಗಲಿಗೆ ಹೆಡ್‌ಫೋನಿನ ಚೀಲ. ಇನ್ನೊಂದು ಕೈಯಲ್ಲಿ ಸಣ್ಣ ಚೀಲ: ಕಡ್ಡಿ, ಬೆಸುಗೆ ತಂತಿ, ಪೇಸ್ಟು, ಕತ್ತರಿ, ಮನೆಗೊಂದೇ ಇದ್ದ ಚಾರ್ಜರು.

"ಎಲ್ಲಿಗೆ?" ಹಲ್ಲುಜ್ಜುತ್ತಿದ್ದ ಅಪ್ಪ ಹೊರಗೆ ಬಂದ.

"ಎಲ್ಲಿ ಬೇಕಾದ್ರೂ ಮಾಡ್ಬಹುದಂತಲ್ಲ. ಶಾಲೇಲಿ ಮಾಡ್ತೀನಿ. ಮೇಡಮ್ಮಿಗೆ ಫೋನ್ ಮಾಡಿ ಕೇಳಿದೀನಿ. ಲ್ಯಾಬಲ್ಲಿ ನಾಲ್ಕು ಕಿಟಕಿ ಇದಾವಂತೆ."

"ಅಡುಗೆ?"

"ಅಕ್ಕಿ ಡಬ್ಬದಲ್ಲಿದೆ. ಮೊಟ್ಟೆ ಬುಟ್ಟೀಲಿದೆ."

"ಅತ್ತಿಗೆ, ಚಾರ್ಜರು?" ಚಿಕ್ಕಪ್ಪ ಹಾಸಿಗೆಯಿಂದಲೇ ಕೇಳಿದ.

"ನನ್ನ ಹತ್ರ ಇದೆ."

ಅಷ್ಟರಲ್ಲಿ ಹಿಂದಿನ ಕೋಣೆಯಿಂದ ಏನೋ ಎಳೆದಾಡುವ ಸದ್ದು. ಅಜ್ಜಿ ಬಂದಳು. ಮದುವೆ ಮನೆಗೆಂದು ಎತ್ತಿಟ್ಟಿದ್ದ ಬಟ್ಟೆ, ಬಾಚಿದ ತಲೆ, ಒಂದು ಕಾಲಿಗೆ ಚಪ್ಪಲಿ. ಇನ್ನೊಂದನ್ನು ಕೋಲಿನಿಂದ ಮಂಚದಡಿಯಿಂದ ಎಳೆದು ತರುತ್ತಿದ್ದಳು.

"ನಿಲ್ಲೇ, ನಾನೂ ಬಂದೆ."

"ಅಮ್ಮಾ, ನಿಂಗ್ಯಾಕೆ?" ಎಂದ ಅಪ್ಪ. "ಬಸ್ಸು ಹತ್ತೋಕಾಗಲ್ಲ ನಿನ್ನ ಮಂಡೀಲಿ."

"ಬಸ್ ಡ್ರೈವರನ್ನ ಹೆತ್ತೋಳು ನಾನು. ಹತ್ತೋಕಾಗಲ್ವಾ?" ಚಪ್ಪಲಿ ಹಾಕಿಕೊಂಡು ನೆಟ್ಟಗಾದಳು. "ಮೂರು ವಾರದಿಂದ ಆ ಮೆಟ್ಟಿಲು ನೋಡ್ಕೊಂಡು ಕೂತಿದೀನಿ. ಒಬ್ಬರಾದ್ರೂ ಬಂದು ಮಾತಾಡಿಸಿದ್ರಾ? ಅನ್ನ ಗಟ್ಟಿ ಅಂದ್ರೆ ಬೈಯೋಕಾದ್ರೂ ಬರ್ತೀರ ಅಂತ ಅಂತಿದ್ದೆ."

ಅಪ್ಪ ಬಾಯಿ ಮುಕ್ಕಳಿಸಲು ಒಳಗೆ ಹೋದ. ನನಗೆ ಶಾಲೆಗೆ ರಜೆ ಇತ್ತು. ಅಜ್ಜಿಯ ಕೈ ಹಿಡಿಯಲು ನಾನೂ ಹೊರಟೆ.

ಭಾಷಾ ಶಾಲೆಯ ಲ್ಯಾಬು ಎರಡನೆಯ ಮಹಡಿಯಲ್ಲಿತ್ತು. ಅಜ್ಜಿ ಮೆಟ್ಟಿಲ ತಿರುವಿನಲ್ಲೆಲ್ಲ ನಿಂತು ಉಸಿರೆಳೆದುಕೊಂಡಳು, ನಿಂತಲ್ಲೆಲ್ಲ ಗೋಡೆಯ ಚಿತ್ರಗಳನ್ನು ನೋಡಿದಳು. ನಿಜವಾಗಿಯೂ ನಾಲ್ಕು ಕಿಟಕಿ. ಸಾಲು ಬೆಂಚು, ಖಾಲಿ. ಪರೀಕ್ಷೆಗೆ ಓದಿಕೊಳ್ಳಲು ಎಲ್ಲರಿಗೂ ರಜೆ ಕೊಟ್ಟಿದ್ದರಂತೆ. ಅಮ್ಮ ಎರಡನೆಯ ಕಿಟಕಿಯ ಕೆಳಗೆ ಕೂತು ಚೀಲ ಬಿಚ್ಚಿದಳು.

ಗುಂಡಿ ಒತ್ತಿದಳು. ಹತ್ತು ಎಣಿಸುವಷ್ಟರಲ್ಲಿ ತುದಿ ಕಾಯಿತು. ಹಳೆಯ ಬೆಸುಗೆಗೆ ಅದನ್ನು ತಾಗಿಸಿದಾಗ ಅದು ಕನ್ನಡಿಯ ಹಾಗೆ ಮಿಂಚಿ ಸಡಿಲಾಯಿತು. ಕೆಂಪು ಎಳೆ ಕೆಂಪಿನ ಜಾಗಕ್ಕೆ, ತಾಮ್ರ ತಾಮ್ರದ ಜಾಗಕ್ಕೆ. ಉಸಿರು ಬಿಗಿ ಹಿಡಿದು ಒಂದು ಹನಿ ಬೆಸುಗೆ. ಊದುವುದಿಲ್ಲ ಅಮ್ಮ, ಊದಿದರೆ ಬೆಸುಗೆ ಬಿರುಕು ಬಿಡುತ್ತದೆ. ತಾನಾಗಿ ಮಂಕಾಗುವವರೆಗೆ ಕೈ ಅಲುಗಿಸದೆ ಕಾಯುತ್ತಾಳೆ. ಹೊದಿಕೆ ತಿರುಗಿಸಿ ಅಜ್ಜಿಗೆ ಕೊಟ್ಟಳು.

ಅಜ್ಜಿ ಕಣ್ಣು ಮುಚ್ಚಿ ಕೇಳಿದಳು.

"ಬಂದ್ರು," ಎಂದಳು. "ಇಬ್ರೂ ಬಂದ್ರು. ಅವಳಿಗೆ ಶೀತ ಆಗಿದೆ."

ಗಂಟೆ ಹತ್ತಾಯಿತು, ಹನ್ನೊಂದಾಯಿತು. ಯಾರೂ ಕರೆಯಲಿಲ್ಲ. ಹಾಲು ಉಕ್ಕಲಿಲ್ಲ. ಕಸ ಗುಡಿಸುವ ಹೆಂಗಸು ಬಂದು ಒಂದು ಚೊಂಬು ನೀರಿಟ್ಟು ಹೋದಳು. ಅಮ್ಮ ಅವಳ ಬೆನ್ನನ್ನು ನೋಡಿದ ರೀತಿ ನೋಡಿದರೆ, ತನಗೆ ಯಾರಾದರೂ ನೀರು ತಂದಿಟ್ಟು ಎಷ್ಟು ದಿನವಾಯಿತು ಎಂದು ಲೆಕ್ಕ ಹಾಕುತ್ತಿದ್ದಂತಿತ್ತು. ಹನ್ನೆರಡಕ್ಕೆ ಫೋನು ಬಡಿದುಕೊಂಡಿತು. ಚಿಕ್ಕಪ್ಪ.

"ಅತ್ತಿಗೆ, ಅನ್ನಕ್ಕೆ ನೀರು ಎಷ್ಟು?"

"ಲೆಕ್ಕದ ಮೇಷ್ಟ್ರಲ್ವಾ?" ಎಂದಳು ಅಮ್ಮ. ಆಮೇಲೆ ಪಾಪ ಅನಿಸಿತೇನೋ, "ಒಂದಕ್ಕೆ ಎರಡು," ಎಂದು ಇಟ್ಟಳು.

ಮಧ್ಯಾಹ್ನ ಲ್ಯಾಬಿನ ಮೇಡಂ ಬಂದರು. ತೆಳ್ಳಗಿನ, ಕನ್ನಡಕದ, ತಾವೂ ಸರಿಯಾಗಿ ನಿದ್ದೆ ಮಾಡದ ಮುಖದ ಹೆಂಗಸು. ಮುಗಿದವುಗಳಲ್ಲಿ ಮೂರನ್ನು ಆರಿಸಿ, ಒಂದೊಂದನ್ನೂ ಕಿವಿಗಿಟ್ಟು, ಎಡಕ್ಕೂ ಬಲಕ್ಕೂ ಒತ್ತಿ ಕೇಳಿದರು.

"ಇವು ಸರಿಯಿವೆ. ಹಾಗಾದ್ರೆ ಹೋದ ಸಲ ಏನಾಗಿತ್ತು?"

ಅಮ್ಮ ಕತ್ತರಿ ಕೆಳಗಿಟ್ಟಳು. "ಬೆಳಕಿರ್ಲಿಲ್ಲ ಮೇಡಂ. ತಪ್ಪು ನಂದೇ."

ಮೇಡಂ ಕಿಟಕಿಯನ್ನೊಮ್ಮೆ, ಅಮ್ಮನ ಮುಖವನ್ನೊಮ್ಮೆ ನೋಡಿದರು. ಹೆಚ್ಚಿಗೆ ಕೇಳಲಿಲ್ಲ. "ಸೋಮವಾರ ಒಂದೂ ದೂರು ಬರಬಾರ್ದು. ಬರ್ಲಿಲ್ಲ ಅಂದ್ರೆ ಕೆಲಸ ನಿಮ್ಮ ಹತ್ರಾನೇ ಇರುತ್ತೆ. ಇಲ್ಲೇ ಬಂದು ಮಾಡೋದಿದ್ರೂ ಮಾಡಿ, ಮಧ್ಯಾಹ್ನದವರೆಗೆ ಈ ರೂಮು ಖಾಲೀನೇ. ಇವೆಲ್ಲ ಮುಗಿಯೋಕೆ ಎಷ್ಟು ದಿನ ಬೇಕು?"

ಬೆಂಚಿನ ಮೇಲೆ ಹದಿನೇಳು ಮುಗಿದಿದ್ದವು. ಅಮ್ಮ ಉಳಿದವನ್ನು ಕಣ್ಣಲ್ಲೇ ಎಣಿಸಿದಳು. "ನಾಳೆ ಸಂಜೆಗೆ—"

"ಶನಿವಾರ!" ಅಜ್ಜಿ ಕೂಗಿದಳು. ಕಿವಿಯ ಮೇಲೆ ಹೆಡ್‌ಫೋನಿತ್ತಾದ್ದರಿಂದ ದನಿ ನಾಲ್ಕೂ ಕಿಟಕಿಗಳನ್ನು ದಾಟಿ ಹೋಯಿತು. "ಶನಿವಾರದವರೆಗೆ ಬೇಕು!"

ಮೇಡಂ ಬೆಚ್ಚಿ ತಿರುಗಿದರು. "ಅಷ್ಟು ದಿನ ಯಾಕಜ್ಜಿ?"

ಅಜ್ಜಿ ಒಂದು ಕಿವಿಯದನ್ನು ಮಾತ್ರ ಸರಿಸಿದಳು. "ನೋಡು ತಾಯಿ, ಕೇಳೋಳು ನಾನು. ಪ್ರತಿಯೊಂದನ್ನೂ ಪೂರ್ತಿ ಕೇಳ್ಬೇಕು. ಅವಸರ ಮಾಡಿದ್ದಕ್ಕೇ ಹೋದ ಸಲ ಹಾಗಾಯ್ತು."

ಮೇಡಂ ಅಮ್ಮನತ್ತ ನೋಡಿದರು. ನಾನೂ ನೋಡಿದೆ. ಅಮ್ಮನ ಬೆರಳುಗಳಿಗೆ ಪೇಸ್ಟು ಮೆತ್ತಿತ್ತು, ಕಣ್ಣ ಕೆಳಗೆ ಮೂರು ವಾರಗಳ ಕಪ್ಪಿತ್ತು.

"ಹೌದು ಮೇಡಂ," ಎಂದಳು. "ಶನಿವಾರ ಅಂದ್ಕೊಳ್ಳಿ."

ಮೇಡಂ ಹೋದರು. ಅಮ್ಮ ಹದಿನೆಂಟನೆಯದನ್ನು ಕೈಗೆತ್ತಿಕೊಂಡಳು. ಪಿನ್ನಿನ ಹೊದಿಕೆಯನ್ನು ಬಹಳ ನಿಧಾನವಾಗಿ, ಒಂದೊಂದೇ ಸುತ್ತು, ಬಿಚ್ಚತೊಡಗಿದಳು.